ಗೆರೆಯಾಚೆಯ ಟವೆಲ್ಲು

ಒಂಟಿಕೊಪ್ಪಲ್, ಮೈಸೂರು
೨೮ ಜನವರಿ ೨೦೨೬, ಬುಧವಾರ

ಪ್ರೀತಿಯ ಅತ್ತೆಗೆ,

ನಿಮ್ಮ ಸೊಸೆ ಸೌಮ್ಯಳ ಶರಣು. ಮಂಡಿನೋವು ಹೇಗಿದೆ? ಚಾಮರಾಜನಗರದಲ್ಲಿ ಬೆಳಗಿನ ಚಳಿ ಮೈಸೂರಿಗಿಂತ ಜೋರಂತೆ, ಕಾಲುಚೀಲ ಹಾಕಿಕೊಳ್ಳುತ್ತಿದ್ದೀರಾ? ಬಿ.ಪಿ. ಮಾತ್ರೆಯನ್ನು ಇಲ್ಲೇ ಗೂಡಿನಲ್ಲಿ ಬಿಟ್ಟು ಹೋಗಿದ್ದಿರಿ, ಮಗಳು ನಯನಾ ಹೊಸದು ತಂದುಕೊಟ್ಟಳೆಂದು ತಿಳಿದು ಸಮಾಧಾನವಾಯಿತು. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು ನಿಜ. ಆದರೆ ನಾನು ಯಾವ ಹೊತ್ತಿಗೆ ಮಾಡಿದರೂ ನಿಮ್ಮ ಮಗಳು "ಅಮ್ಮ ಪೂಜೆಗೆ ಕೂತವ್ರೆ ಅತ್ತಿಗೆ" ಎನ್ನುತ್ತಾಳೆ. ಮೂರು ಹೊತ್ತು ಲಿಂಗಪೂಜೆ ಮಾಡುವವರನ್ನು ನೋಡಿದ್ದೇನೆ. ಧಾರಾವಾಹಿಯ ಹೊತ್ತಿನಲ್ಲೂ, ಹಿಂದಿನಿಂದ ಟಿ.ವಿ. ಸದ್ದು ಕೇಳುತ್ತಿರುವಾಗಲೂ ಪೂಜೆ ನಡೆಯುತ್ತದೆಂದರೆ ಆ ಶಿವನಿಗೇ ಆಶ್ಚರ್ಯವಾಗಿರಬೇಕು. ಅದಕ್ಕೇ ಕಾಗದ ಬರೆಯಲು ಕೂತೆ. ಕಾಗದಕ್ಕೆ ಆ ನೆಪ ಹೇಳಿ ವಾಪಸು ಕಳಿಸಲಾಗುವುದಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ಅಂದರೆ, ಹಸಿವಿನಿಂದ ಇನ್ನೂ ಯಾರೂ ಬಿದ್ದಿಲ್ಲ. ಮಾವ ದಿನಾ ಸಂಜೆ ಮಾರ್ಕೆಟ್ಟಿಗೆ ಹೋದವರು ಅಭ್ಯಾಸಬಲದಿಂದ ಎರಡು ಮೊಳ ಹೂವು ತರುತ್ತಾರೆ. ಒಂದನ್ನು ನನಗೆ ಕೊಡುತ್ತಾರೆ. ಇನ್ನೊಂದನ್ನು ಕೈಯಲ್ಲಿ ಹಿಡಿದು ಅಡುಗೆಮನೆ, ಹಿತ್ತಿಲು ಎಲ್ಲ ಒಂದು ಸುತ್ತು ಹಾಕಿ, ಕೊನೆಗೆ ಬಾಳೆಲೆಯಲ್ಲಿ ಕಟ್ಟಿ ಫ್ರಿಜ್ಜಿನಲ್ಲಿಡುತ್ತಾರೆ. ಮಜ್ಜಿಗೆಗೂ ಮಲ್ಲಿಗೆ ವಾಸನೆ ಬಂದಿದೆ. ಮೊನ್ನೆ ಶಿವಾನಿ "ತಾತ, ಅಜ್ಜಿಗೆ ಕೊರಿಯರ್ ಮಾಡ್ಬುಡೋಣ" ಎಂದಳು. ಮೊಮ್ಮಗಳನ್ನು ಬೈಯುತ್ತಾರೆಂದುಕೊಂಡರೆ ಪುಣ್ಯಾತ್ಮರು ನಿಜವಾಗಿಯೂ ಯೋಚನೆಗೆ ಬಿದ್ದರು. ಸಂಕ್ರಾಂತಿಗೆ ಕೊಬ್ಬರಿ ಹೆಚ್ಚಿದ್ದು ಮಾವ, ಬೆಲ್ಲ ಹೆಚ್ಚಿದ್ದು ನಿಮ್ಮ ಮಗ. ಒಂದೊಂದು ಬೆಲ್ಲದ ಚೂರೂ ಪಗಡೆ ಕಾಯಿಯಷ್ಟು ದಪ್ಪ. ಎದುರುಮನೆ ಬೀರಮ್ಮನವರು ಬಾಯಿಗೆ ಹಾಕಿಕೊಂಡು, ದವಡೆ ಹಿಡಿದುಕೊಂಡು, "ಮಹದೇವಮ್ಮ ಊರಲ್ಲಿಲ್ಲ ಅಂತ ಹಲ್ಲಿಗೇ ಗೊತ್ತಾಯ್ತು ಕಣಮ್ಮ" ಎಂದರು. "ಎರಡು ದಿನ ಇದ್ದು ಬತ್ತೀನಿ" ಎಂದು ನಯನಾಳ ಕಾರು ಹತ್ತಿದವರು ನೀವು. ಎರಡು ದಿನ ಹೋಗಿ ಎರಡು ತಿಂಗಳಾಯಿತು, ಹಬ್ಬವೂ ಕಳೆಯಿತು.

ಯಾಕೆ ಹೋದಿರೆಂದು ನನಗೆ ಗೊತ್ತು, ಯಾಕೆ ಬರುತ್ತಿಲ್ಲವೆಂದೂ ಗೊತ್ತು. ಸೊಸೆಯ ಒಂದು ವರ್ಷದ ಪಾಡನ್ನೆಲ್ಲ ನಿಮ್ಮ ಕೈಯಾರೆ ಹಾಳು ಮಾಡಿದಿರಿ ಎನ್ನುವುದು ನಿಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಹಾಳಾಗಿದ್ದರೆ ನಾನೇ ಹೇಳುತ್ತಿರಲಿಲ್ಲವೇ? ನಾನೇನು ಬಾಯಿ ಇಲ್ಲದವಳೇ? ಆ ವರ್ಷ ಹೇಗಿತ್ತೆಂದು ಸ್ವಲ್ಪ ನೆನಪಿಸಿಕೊಳ್ಳಿ. ಬ್ಯಾಂಕಿನ ಕೌಂಟರಿನಲ್ಲಿ ಕೂತು ಕೂತು ನನ್ನ ಸೊಂಟ ಹಿಡಿದು, ಡಾಕ್ಟರು ಈಜು ಕಲಿಯಿರಿ ಎಂದು, ನಲವತ್ತು ದಾಟಿದ ಮೇಲೆ ನಾನು ಕೊಳಕ್ಕಿಳಿದೆ. ನಾಲ್ಕು ತಿಂಗಳಿಗೆ ಈಜು ಕಲಿಸುವ ಚಂದ್ರಮೌಳಿ ಸರ್ ನನ್ನ ತಲೆಯಲ್ಲಿ ಟ್ರಯಥ್ಲಾನ್ ಹುಳ ಬಿಟ್ಟರು. ಈಜು, ಸೈಕಲ್ಲು, ಓಟ, ಮೂರನ್ನೂ ಒಂದರ ಬೆನ್ನಿಗೆ ಒಂದು ಮಾಡಬೇಕು ಎಂದು ನಾನು ವಿವರಿಸಿದಾಗ ನೀವು, "ಒಂದು ಮಾಡಿದ್ರೆ ಸಾಲ್ದಾ? ಹಬ್ಬದೂಟ್ವಾ ಇದು, ಎಲ್ಲಾನೂ ಬಡಿಸ್ಕಳಕ್ಕೆ?" ಎಂದಿರಿ. ಈಜುವ ಬಟ್ಟೆ ನೋಡಿ ಅಡ್ಡ ಹೇಳುತ್ತೀರೆಂದು ಹೆದರಿದ್ದೆ. ನೀವು ಬಟ್ಟೆಯ ಮಾತೇ ಎತ್ತಲಿಲ್ಲ. ಕೇಳಿದ್ದು ಒಂದೇ: "ಲಿಂಗದ ಕರಡಿಗೆ ಎಲ್ಲಿ ಇರ್‍ತದೆ?"

ಕತ್ತಿನಲ್ಲಿ ಕರಡಿಗೆಯ ಶಿವದಾರ ಇದ್ದರೆ ಈಜುವಾಗ ತೋಳಿಗೆ ಸಿಕ್ಕಿಕೊಳ್ಳುತ್ತದೆ, ಬಿಚ್ಚಿಟ್ಟು ಬನ್ನಿ ಎಂದಿದ್ದರು ಚಂದ್ರಮೌಳಿ ಸರ್. ಲಿಂಗ ಮೈಮೇಲಿಂದ ಇಳಿಯುವ ಹಾಗಿಲ್ಲ ಎಂದಿರಿ ನೀವು. ಮಾರನೆಯ ದಿನ ಬೆಳಿಗ್ಗೆ ನೋಡಿದರೆ ನನ್ನ ಈಜುಬಟ್ಟೆಯ ಒಳಗೆ, ಎದೆಯ ಹತ್ತಿರ, ನಿಮ್ಮ ಹಳೆಯ ರವಿಕೆಯ ಬಟ್ಟೆಯಿಂದ ಒಂದು ಪುಟ್ಟ ಜೇಬು ಹೊಲಿದಿತ್ತು, ಬಾಯಿಗೆ ಎರಡು ಗುಂಡಿ ಬೇರೆ. ಅವತ್ತಿನಿಂದ ನೀವೂ ಕೊಳಕ್ಕೆ ಹೊರಟಿರಿ. ಮೆಟ್ಟಿಲ ಮೇಲೆ ಕೂತು ಮನೆಯ ಸೊಪ್ಪು ಸೋಸುತ್ತ, ನಾನು ಒಂದು ಸುತ್ತು ಬಂದರೆ ಒಂದು ದಂಟು ಪಕ್ಕಕ್ಕೆ ಇಡುತ್ತಿದ್ದಿರಿ. "ಅಮ್ಮಾವ್ರೇ, ಇಲ್ಲಿ ಸೊಪ್ಪು ಸೋಸ್ಬಾರ್ದು" ಎಂದು ಗೊಣಗುತ್ತಿದ್ದ ಚಂದ್ರಮೌಳಿ ಸರ್ ಕೊನೆಕೊನೆಗೆ ಲೆಕ್ಕ ತಪ್ಪಿದಾಗ ನಿಮ್ಮ ದಂಟನ್ನೇ ಬಂದು ನೋಡುತ್ತಿದ್ದರು. ಚಾಮುಂಡಿ ಬೆಟ್ಟಕ್ಕೆ ಸೈಕಲ್ ತುಳಿಯಲು ಹೋದರೆ ಅಲ್ಲಿಗೂ ಬಂದಿರಿ. ಹೆಂಗಸರಿಗೆ ಬಸ್ಸು ಪುಕ್ಕಟೆ, ನಿಮ್ಮನ್ನು ತಡೆಯುವವರು ಯಾರು? ತಿರುವಿನಲ್ಲಿ ನಾನು ಏದುಸಿರು ಬಿಡುತ್ತಿರುವಾಗ ಸಿಟಿ ಬಸ್ಸು ಪಕ್ಕದಲ್ಲೇ ಹಾದುಹೋಗಿ, ಕಿಟಕಿಯಿಂದ ನಿಮ್ಮ ಅರ್ಧ ಮೈ ಹೊರಗೆ ಬಂದು, "ಬೆನ್ನು ನೆಟ್ಟಗೆ ಮಾಡ್ಕಳೇ!" ಎಂದು ಕೂಗಿದ್ದನ್ನು ಇಡೀ ಬಸ್ಸು ಕೇಳಿಸಿಕೊಂಡಿತು. ಬೆಟ್ಟದ ಮೇಲೆ ಉಪ್ಪಿಟ್ಟಿನ ಡಬ್ಬಿ ಕಾಯುತ್ತಿತ್ತು. ಅಂಥ ಉಪ್ಪಿಟ್ಟನ್ನು ನಾನು ಜನ್ಮದಲ್ಲಿ ತಿಂದಿಲ್ಲ ಅತ್ತೆ.

ಇಷ್ಟೆಲ್ಲದರಲ್ಲಿ ನಿಮ್ಮದು ಒಂದೇ ತಕರಾರು, ಒದ್ದೆ ತಲೆ. ಕೊಳದಿಂದ ಹೊರಗೆ ಕಾಲಿಟ್ಟ ಕೂಡಲೇ ಆ ಕೆಂಪಂಚಿನ ತೆಳ್ಳನೆ ಟವೆಲ್ಲು ಬಂದು ನನ್ನ ಕೈಗೆ ಬೀಳುತ್ತಿತ್ತು. "ನೆತ್ತಿಗೆ ನೀರು ಇಳೀತದೆ, ಒರೆಸ್ಕೋ, ಒರೆಸ್ಕೋ." ನಾನು ಎರಡು ಸಲ ಸವರಿ ಭುಜದ ಮೇಲೆ ಹಾಕಿಕೊಳ್ಳುತ್ತಿದ್ದೆ. ನಿಮಗೆ ಅದು ಸಾಲದು. ಸೊಸೆಯ ತಲೆಗೆ ನೀವೇ ಕೈ ಹಾಕುವಷ್ಟು ಸಲಿಗೆ ನಮ್ಮಲ್ಲಿ ಇನ್ನೂ ಇರಲಿಲ್ಲ, ಅದಕ್ಕೇ ನೋಡಿಕೊಂಡು ಸುಮ್ಮನಿರುತ್ತಿದ್ದಿರಿ.

ಇನ್ನು ನವೆಂಬರಿನ ಆ ಭಾನುವಾರದ ಸ್ಪರ್ಧೆ. ನೀವು ನೋಡಿದ್ದು ಹಗ್ಗದ ಆ ಕಡೆಯಿಂದ, ನನ್ನ ಕಡೆಯದನ್ನು ಈಗ ಕೇಳಿ. ಕೆರೆಯಿಂದ ಎದ್ದು ಸೈಕಲ್ ಹತ್ತುವ ಜಾಗಕ್ಕೆ ಸುತ್ತಲೂ ಹಗ್ಗ ಕಟ್ಟಿರುತ್ತಾರೆ. ಸ್ಪರ್ಧೆಗೆ ಬಂದವರ ಹೊರತು ಯಾರೂ ಅದರೊಳಗೆ ಕಾಲಿಡುವಂತಿಲ್ಲ. ಬೇರೆ ಯಾರಿಂದಾದರೂ ಸಹಾಯ ತೆಗೆದುಕೊಂಡರೆ ಹೆಸರು ಹೊಡೆದುಹಾಕುತ್ತಾರೆ. ಈ ನಿಯಮವನ್ನು ಮನೆಯಲ್ಲಿ ಹೇಳಬೇಕೆಂದು ನನಗೆ ಹೊಳೆದಿರಲೇ ಇಲ್ಲ. ಹಗ್ಗ ದಾಟಿ ನನಗಾಗಿ ಓಡಿಬರುವವರು ಯಾರಿದ್ದಾರೆ ಎಂದುಕೊಂಡಿದ್ದೆ. ಕೆರೆಯಲ್ಲಿ ಕೊಳದ ಹಾಗೆ ತಳ ಕಾಣುವುದಿಲ್ಲ ಅತ್ತೆ, ಎಲ್ಲ ಹಸಿರು ಕತ್ತಲು. ಯಾರದೋ ಕಾಲು ನನ್ನ ಮುಖಕ್ಕೆ ಬಡಿಯಿತು, ನೀರು ಕುಡಿದೆ, ಅರ್ಧದಲ್ಲಿ ದೋಣಿಯವನನ್ನು ಕೈಬೀಸಿ ಕರೆದುಬಿಡೋಣ ಎನ್ನಿಸಿತು. ಎದೆಯ ಹತ್ತಿರ ನಿಮ್ಮ ಜೇಬು ಒತ್ತುತ್ತಿತ್ತು, ಹೇಗೋ ದಡ ಸೇರಿದೆ. ಸೈಕಲ್ಲಿನ ಕಡೆ ಓಡುತ್ತಿರುವಾಗ ನಿಮ್ಮ ಗಂಟಲು ಕೇಳಿಸಿತು. "ಸೌಮ್ಯಾ, ನಿಂತ್ಕಳೇ! ನೀರು ತೊಟ್ಟಿಕ್ತಾ ಅದೆ!" ನೋಡಿದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಡಿನೋವಿನ ನೀವು, ಹಗ್ಗದ ಕೆಳಗಿನಿಂದ ನುಸುಳಿ ಬರುತ್ತಿದ್ದೀರಿ. ಬಂದವರೇ ಒಂದು ಕೈಯಲ್ಲಿ ಗಲ್ಲ ಹಿಡಿದು ಇನ್ನೊಂದು ಕೈಯಲ್ಲಿ ಆ ಟವೆಲ್ಲಿನಿಂದ ತಲೆ ಗಸಗಸ ಒರೆಸತೊಡಗಿದಿರಿ, ಮೂರು ವರ್ಷದ ಮಗುವಿಗೆ ಎಣ್ಣೆಸ್ನಾನ ಆದಮೇಲೆ ಒರೆಸುತ್ತಾರಲ್ಲ, ಹಾಗೆ. ಬಿಳಿ ಟೋಪಿಯ ತೀರ್ಪುಗಾರ್ತಿ ಸೀಟಿ ಊದುತ್ತ ಬಂದು "ಅಮ್ಮಾ, ಹೊರಗಿನವರು ಒಳಗೆ ಬರಬಾರದು" ಎಂದರೆ, ನೀವು ಕೈ ನಿಲ್ಲಿಸದೆ, "ಹೊರಗಿನೋಳಾ? ನಾನು ಇವಳ ಅತ್ತೆ ಕಣವ್ವ!" ಎಂದಿರಿ. ಪಕ್ಕದಲ್ಲಿ ಸೈಕಲ್ ಹತ್ತುತ್ತಿದ್ದ ಇಬ್ಬರು ನಕ್ಕು ನಕ್ಕು ಇಳಿದುಬಿಟ್ಟರು.

ಆಮೇಲೆ ನಾನು ಸೈಕಲ್ ತುಳಿದೆ, ಓಡಿದೆ, ಗೆರೆಯನ್ನೂ ದಾಟಿದೆ. ಫಲಿತಾಂಶದ ಬೋರ್ಡಿನಲ್ಲಿ ನನ್ನ ಹೆಸರು ಇರಲಿಲ್ಲ. ಶಿವಾನಿ ಅದನ್ನು ನಿಮಗೆ ಓದಿ ಹೇಳಿದಳು, ನೀವು ಕಾರಿನಲ್ಲಿ ಹೋಗಿ ಕೂತಿರಿ. ನಿಮಗೆ ಗೊತ್ತಿಲ್ಲದ್ದು ನಡುವೆ ನಡೆದ ಸಂಗತಿ. ನಿಮ್ಮ ಮಗನಿಗೂ ಇದನ್ನು ಹೇಳಿಲ್ಲ. ಓಟ ಮುಗಿಸಿದ ಕೂಡಲೇ ಆ ತೀರ್ಪುಗಾರ್ತಿ ನನ್ನನ್ನು ಮೇಜಿನ ಹತ್ತಿರ ಕರೆಸಿದರು. ಚಂದ್ರಮೌಳಿ ಸರ್ ದಾರಿಯಲ್ಲೇ ನನ್ನನ್ನು ಪಕ್ಕಕ್ಕೆಳೆದು ಕಿವಿಯಲ್ಲಿ, "ಬೇಡ ಅಂದೆ, ಅವರೇ ಬಲವಂತವಾಗಿ ಒರೆಸ್ಬುಟ್ರು ಅಂತ ಅಂದ್ಬುಡಿ ಮೇಡಂ. ಎಚ್ಚರಿಕೆ ಕೊಟ್ಟು ಬಿಟ್ಬುಡ್ತಾರೆ" ಎಂದರು. ಆಕೆಯೂ ಒಳ್ಳೆಯವರು, ಅದೇ ಉತ್ತರ ಬರಲಿ ಎನ್ನುವ ಹಾಗೆ ಕೇಳಿದರು: "ನೀವು ಬೇಡ ಅಂದ್ರಿ ಅಲ್ವಾ?" ಒಂದು ಹೂಂ ಎಂದಿದ್ದರೆ ಸಾಕಿತ್ತು. ಆದರೆ ನಿಮ್ಮ ಕೈಯನ್ನು ಬೇಡ ಎಂದೆ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. "ಇಲ್ಲ ಮೇಡಂ, ನಾನೇ ತಲೆ ಬಗ್ಗಿಸಿದೆ" ಎಂದೆ. ಅದೇ ನಿಜ ತಾನೇ? ನೀವು ನನಗಿಂತ ಒಂದು ಗೇಣು ಕುಳ್ಳು. ನಾನು ಬಗ್ಗದೆ ನಿಮ್ಮ ಕೈ ನನ್ನ ನೆತ್ತಿಗೆ ಎಲ್ಲಿ ಎಟುಕಬೇಕು? ಅಮ್ಮ ಹೋದ ಮೇಲೆ ನನ್ನ ತಲೆಯನ್ನು ಯಾರೂ ಒರೆಸಿರಲಿಲ್ಲ. ಸ್ಪರ್ಧೆ ಮರೆತೇಹೋಯಿತು, ಇನ್ನೂ ಸ್ವಲ್ಪ ಒರೆಸಲಿ ಎಂದು ನಿಂತಿದ್ದೆ. ಹೆಸರು ಹೋದದ್ದು ನನ್ನ ಬಾಯಿಂದ, ನಿಮ್ಮ ಟವೆಲ್ಲಿನಿಂದಲ್ಲ. ಇನ್ನೊಮ್ಮೆ ಕೇಳಿದರೂ ಅದನ್ನೇ ಹೇಳುತ್ತೇನೆ.

ಈ ಜನವರಿಯ ಎರಡನೆಯ ಭಾನುವಾರ ಇನ್ನೊಂದು ಸ್ಪರ್ಧೆ ಇತ್ತು. ಈ ಸಲ ಬೋರ್ಡಿನಲ್ಲಿ ಹೆಸರು ಬಂತು, ಕೆಳಗಿನಿಂದ ಹುಡುಕಿದರೆ ಬೇಗ ಸಿಗುತ್ತದೆ. ಪದಕವೂ ಬಂತು. ಶಿವಾನಿ ಅದನ್ನು ಹಿತ್ತಿಲ ಬಾಗಿಲ ಮೊಳೆಗೆ, ನಿಮ್ಮ ಕೆಂಪಂಚಿನ ಟವೆಲ್ಲಿನ ಮೇಲೇ ನೇತುಹಾಕಿದ್ದಾಳೆ. ನೀರಿನಿಂದ ಎದ್ದು ಬರುವಾಗ ಹಗ್ಗದ ಕಡೆ ನೋಡಿದೆ. ಮಾವ ಇದ್ದರು, ನಿಮ್ಮ ಮಗ ಇದ್ದರು, ಇಬ್ಬರೂ ಮೊಬೈಲಿನಲ್ಲಿ ಫೋಟೋ ಹಿಡಿಯುತ್ತಿದ್ದರು. ನನ್ನ ತಲೆಯಿಂದ ಎಷ್ಟು ನೀರು ಸುರಿಯುತ್ತಿದೆ ಎಂದು ನೋಡುವವರು ಯಾರೂ ಇರಲಿಲ್ಲ, ಅಳು ಬಂತು. ಒದ್ದೆ ತಲೆಯಲ್ಲೇ ಸೈಕಲ್ ಹೊಡೆದೆ, ಗಾಳಿ ಬೇರೆ. ಮಾರನೆಯ ದಿನ ಶುರುವಾದ ಸೀನು ಸಂಕ್ರಾಂತಿ ಕಳೆದರೂ ನಿಲ್ಲಲಿಲ್ಲ. ಕೌಂಟರಿನಲ್ಲಿ ಜನ ನನ್ನ ಸಾಲು ಬಿಟ್ಟು ಪಕ್ಕದ ಸಾಲಿಗೆ ಹೋದರು. ನೀವು ಹೇಳಿದ್ದೇ ಸರಿ ಎಂದು ಒಪ್ಪಿಕೊಂಡಿದ್ದೇನೆ, ಇದನ್ನು ಇಟ್ಟುಕೊಂಡು ಜೀವನಪೂರ್ತಿ ಆಡಿಕೊಳ್ಳಬಹುದು. ನಯನಾಗೆ ತಿಳಿಸಲಿಲ್ಲ. ನೆಗಡಿಯ ಹೆಸರಿನಲ್ಲಿ ನಿಮ್ಮನ್ನು ಕರೆಸಿಕೊಳ್ಳುವುದು ಮೋಸವಾಗುತ್ತದೆ.

ಬನ್ನಿ ಎಂದು ಹೇಳುವಷ್ಟು ದೊಡ್ಡವಳು ನಾನಲ್ಲ. ಇದು ನಿಮ್ಮ ಮನೆ, ಬಾಗಿಲು ನಿಮ್ಮದು. ನಯನಾಗೆ ನನ್ನ ನೆನಪು ಹೇಳಿ. ನಿಮಗೆ ಏನು ಬರೆಯಲಿ ಎಂದು ನಾನು ಮಾವನನ್ನು ಕೇಳಿದ್ದಕ್ಕೆ "ಏನೂ ಬೇಡ, ಚೆನ್ನಾಗಿದೀನಿ ಅಂತ ಬರಿ" ಎಂದು, ಎದ್ದು ಹೋಗಿ ಫ್ರಿಜ್ಜು ತೆಗೆದು ನೋಡಿ ಬಂದರು. ಶಿವಾನಿ ಅಜ್ಜಿಗೆ ಮುತ್ತು ಕಳಿಸಿದ್ದಾಳೆ. ನಿಮ್ಮ ಆಶೀರ್ವಾದ ನನ್ನ ನೆತ್ತಿಯ ಮೇಲೆ ಸದಾ ಇರಲಿ.

ನಿಮ್ಮ ಸೊಸೆ,
ಸೌಮ್ಯ

ಮರೆತಿದ್ದೆ, ಲಕೋಟೆ ಅಂಟಿಸುವ ಮುಂಚೆ ಇದೊಂದು: ಆ ಬಿಳಿ ಟೋಪಿಯ ತೀರ್ಪುಗಾರ್ತಿ ಹೋದ ವಾರ ಫೋನ್ ಮಾಡಿ "ಟವೆಲ್ ಅಮ್ಮ ಹೇಗಿದ್ದಾರೆ?" ಎಂದು ಕೇಳಿದರು. ಶಿವರಾತ್ರಿಯ ಹಿಂದಿನ ಭಾನುವಾರ, ಫೆಬ್ರವರಿ ಎಂಟಕ್ಕೆ, ಅದೇ ಕೆರೆಯಲ್ಲಿ ಬೇಸಿಗೆಗೆ ಮುಂಚಿನ ಕೊನೆಯ ಸ್ಪರ್ಧೆ. ಮುಕ್ತಾಯದ ಗೆರೆ ದಾಟಿದ ಮೇಲೆ ಯಾರು ಯಾರ ತಲೆ ಒರೆಸಿದರೂ ನಿಯಮ ಅಡ್ಡ ಬರುವುದಿಲ್ಲವಂತೆ. ಅಲ್ಲಿ ನಿಂತು ಬಂದವರಿಗೆಲ್ಲ ಟವೆಲ್ಲು ಕೊಡಲು ಒಬ್ಬರು ಬೇಕು ಎಂದರು. ನಿಮ್ಮನ್ನು ಕೇಳದೆ ನಿಮ್ಮ ಹೆಸರು ಕೊಟ್ಟುಬಿಟ್ಟಿದ್ದೇನೆ. ಸೀರೆಯ ಮೇಲೆ ಹಾಕಿಕೊಳ್ಳಲು ಟೀಶರ್ಟು ಬಂದಿದೆ, ಬೆನ್ನ ಮೇಲೆ ದೊಡ್ಡದಾಗಿ ಮಹದೇವಮ್ಮ ಎಂದಿದೆ. ಮಾವ ಎರಡು ಸಲ ಇಸ್ತ್ರಿ ಮಾಡಿಟ್ಟಿದ್ದಾರೆ. ಎಲ್ಲರಿಗೂ ಅವರು ಕೊಡುವ ಟವೆಲ್ಲಾಗುತ್ತದೆ, ನನಗೆ ಮಾತ್ರ ಆ ಕೆಂಪಂಚಿನದೇ ಬೇಕು. ಒರೆಸುವ ಕೈ ಗೆರೆಯಾಚೆ ಇಲ್ಲದಿದ್ದರೆ ನಾನು ಒದ್ದೆ ತಲೆಯಲ್ಲೇ ಮನೆಗೆ ಬರುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ.