ಕಿವಿಯ ಹಿಂದೆ ಒಂದು ಚುಕ್ಕೆ ಬಣ್ಣ

ಗಂಗೊಳ್ಳಿ
10 ಫೆಬ್ರವರಿ 2025

ಪ್ರೀತಿಯ ವಿನಯಾ,

ಮೊದಲೇ ಹೇಳಿಬಿಡುತ್ತೇನೆ. ಮಗಳು ಚೆನ್ನಾಗಿದ್ದಾಳೆ. ನಾನಿದನ್ನು ಬರೆಯುತ್ತಿರುವಾಗ ಅಡುಗೆಮನೆಯಲ್ಲಿ ಅಜ್ಜಿಯ ಪಕ್ಕ ಕೂತು ಎರಡನೇ ಸಲ ಗಂಜಿ ಬಡಿಸಿಕೊಳ್ಳುತ್ತಿದ್ದಾಳೆ. ಇನ್ನು ನೀನು ಹೆದರದೆ ಓದು.

ಇಷ್ಟು ದಿನ ವಿಡಿಯೋ ಕಾಲ್ ಮಾಡದೆ, ಫೋನಿನ ಕ್ಯಾಮೆರಾ ಹಾಳಾಗಿದೆ ಎಂದೆವಲ್ಲ, ಅದು ಸುಳ್ಳು. ನೀನು ನಂಬಲಿಲ್ಲ ಎಂದೂ ಗೊತ್ತಿತ್ತು. 'ನನ್ನಿಂದ ಏನೋ ಮುಚ್ಚಿಡುತ್ತಿದ್ದೀರಿ' ಎಂದು ನೀನು ಮೆಸೇಜ್ ಹಾಕಿದ ದಿನ ನನಗೆ ಅನ್ನ ಸೇರಲಿಲ್ಲ. ಆದರೆ ಕಾರ್ಯಕ್ರಮ ಮುಗಿಯುವ ತನಕ ಹೇಳುವುದಿಲ್ಲ ಎಂದು ಚೇತನಾಗೆ ಮಾತು ಕೊಟ್ಟುಬಿಟ್ಟಿದ್ದೆ. ನಿನ್ನೆ ಸಂಜೆ ಅವಳು ಫೋನಿನಲ್ಲಿ 'ಚೆಂದ ಆಯ್ತಮ್ಮಾ' ಎಂದಷ್ಟೇ ಹೇಳಿದಳು. ಅದರ ಹಿಂದಿನದ್ದನ್ನೆಲ್ಲ ಫೋನಿನಲ್ಲಿ ಹೇಳಹೊರಟರೆ ಅರ್ಧದಲ್ಲಿ ನಿನಗೆ ಡ್ಯೂಟಿಗೆ ಹೊತ್ತಾಗುತ್ತದೆ. ಆಚೆಮನೆ ಪ್ರವೀಣ್ ರಜೆ ಮುಗಿಸಿ ಬುಧವಾರ ಮಸ್ಕತ್ತಿಗೆ ಹೊರಟಿದ್ದಾನೆ. ಒಣ ಸಿಗಡಿ ಚಟ್ನಿಯ ಜೊತೆಗೆ ಈ ಕಾಗದವನ್ನೂ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ.

ನೀನು ಸೇರಿಸಿ ಹೋದ ಬ್ಯಾಲೆ ಕ್ಲಾಸಿನ ವಿಜೇತಾ ಮಿಸ್ ಈ ವರ್ಷ 'ಅಳಿವೆ' ಎಂಬ ಕಥೆ ಮಾಡಿಸಿದರು. ಹೊಳೆಯ ಮರಿಮೀನೊಂದು ಅಲೆಗಳನ್ನು ದಾಟಿ ಕಡಲು ಸೇರುವ ಕಥೆ. ಮರಿಮೀನು ನಮ್ಮ ಚೇತು. ಒಬ್ಬರು ಹಚ್ಚಿಕೊಂಡದ್ದನ್ನು ಇನ್ನೊಬ್ಬರು ಹಚ್ಚಬಾರದು, ಪ್ರತಿ ಮಗುವಿಗೂ ಬೇರೆಯೇ ಮೇಕಪ್ ಸಾಮಾನು ತನ್ನಿ ಎಂದು ಮಿಸ್ ಹೇಳಿದ್ದರು. ನಾನು ಪೇಟೆಯ ಫ್ಯಾನ್ಸಿ ಅಂಗಡಿಗೆ ಹೋಗಿ, ಅಂಗಡಿಯವನು ಕೊಟ್ಟ ಡಬ್ಬಿಯನ್ನು ತಂದು, ರಿಹರ್ಸಲ್ ದಿನ ಗೋಡೆಗೆ ಸುಣ್ಣ ಬಳಿದ ಹಾಗೆ ಅವಳ ಮುಖಕ್ಕೆ ಬಳಿದೆ.

ಮನೆಗೆ ಬರುವಷ್ಟರಲ್ಲಿ ತುರಿಕೆ ಶುರುವಾಗಿತ್ತು. ಬೆಳಿಗ್ಗೆ ನೋಡಿದರೆ ಎರಡೂ ಕೆನ್ನೆ ಕೆಂಪಾಗಿ, ಹಣೆಯ ತುಂಬ ಗುಳ್ಳೆ. ನಾನು ಫೋನ್ ತೆಗೆದು ನಿನಗೆ ತೋರಿಸಲು ಹೋದೆ. ಚೇತು ಕೈಯಿಂದ ಕಿತ್ತುಕೊಂಡಳು.

'ಅಮ್ಮಂಗೆ ಹೇಳುಕಾಗ. ಅಮ್ಮ ಅಲ್ಲ್ ಒಂದೇ ಕೂಕಂಡ್ ಮರ್ಕತ್ತ್' ಎಂದಳು. ನೀನು ಅಳುತ್ತೀ ಎಂದು ಹೆದರಿದವಳು ತಾನೇ ಅತ್ತಳು.

ಕುಂದಾಪುರದ ಚರ್ಮದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ಸಿಟ್ಟಾಗಲಿಲ್ಲ. ಒಂದು ಮುಲಾಮು ಬರೆದುಕೊಟ್ಟು, ಒಂದು ವಾರ ಮುಖಕ್ಕೆ ಬೇರೆ ಏನೂ ಸೋಕಿಸಬೇಡಿ, ತಣ್ಣೀರಲ್ಲಿ ತೊಳೆದು ಉಜ್ಜದೆ ಒತ್ತಿ ಒರೆಸಿ ಎಂದರು. ಆಮೇಲೆ ಒಳ್ಳೆಯ ಬಣ್ಣ ತಂದು ಕಿವಿಯ ಹಿಂದೆ ಒಂದು ಚುಕ್ಕೆ ಇಟ್ಟು ಎರಡು ದಿನ ಕಾಯಬೇಕು. ತುರಿಸಿದರೆ ಈ ಸಲ ಬಣ್ಣವಿಲ್ಲ.

ಬಣ್ಣವಿಲ್ಲದೆಯೂ ಕುಣಿಯಬಹುದು ಎಂದು ವಿಜೇತಾ ಮಿಸ್ ಸಮಾಧಾನ ಹೇಳಿದರು. ಚೇತು ಕೇಳಲಿಲ್ಲ. ನನಗೂ ಅಷ್ಟಾಗಿ ಅರ್ಥವಾಗಿರಲಿಲ್ಲ. 'ಕುಣುಕೆ ಕಾಲ್ ಸಾಕಲ್ದಾ ಮಿಸ್, ಬಣ್ಣ ಎಂತಕ್ಕೆ?' ಎಂದು ಕೇಳಿಯೇಬಿಟ್ಟೆ. ಅವರು ನಕ್ಕರು. ಬೆಳ್ಳಗೆ ಕಾಣಲಿ ಎಂದಲ್ಲವಂತೆ. ಸ್ಟೇಜಿನ ಲೈಟು ಬಿದ್ದರೆ ಕಣ್ಣು, ಹುಬ್ಬು, ಬಾಯಿ ಎಲ್ಲ ಕರಗಿಹೋಗುತ್ತವಂತೆ. ಕೊನೆಯ ಸಾಲಿನಲ್ಲಿ ಕೂತವರಿಗೂ ಮಗು ನಗುವುದು ಕಾಣಲಿ ಎಂದು ಬಣ್ಣ. ಅದಕ್ಕೇ ಫೌಂಡೇಶನ್ ಕೂಡ ಅವಳ ಮೈಬಣ್ಣದ್ದೇ ಆಗಬೇಕು ಎಂದು, ಗಲ್ಲದ ಪಕ್ಕ ಹಿಡಿದು ನೋಡಿ, ತಾವೇ ಉಡುಪಿಯಿಂದ ತರಿಸಿಕೊಟ್ಟರು.

ನೀನಿದ್ದಿದ್ದರೆ ಇದು ಸಲೀಸಾಗುತ್ತಿತ್ತು. ನಾನು ಬೆಳಗಾದರೆ ಬಂದರಿನಲ್ಲಿ ಬಂಗಡೆ ಏಲ ಹಿಡಿಯುವವನು. ಕಣ್ಣಿಗೆ ಗೆರೆ ಎಳೆದು ಗೊತ್ತೇ? ಮಿಸ್ ಮೊಬೈಲಿಗೆ ಕಳಿಸಿದ ವಿಡಿಯೋ ನೋಡಿ ನನ್ನಮ್ಮನ ಮುಖದ ಮೇಲೆ ಕಲಿಯತೊಡಗಿದೆ.

'ಎಂತ ಮರಾಯಾ, ನನ್ನ್ ಮುಖ ಎಂತ ದೋಣಿಯಾ, ಹೀಂಗ್ ಬಳಿತೆ?' ಎಂದು ಬೈಯುತ್ತಲೇ ಅಮ್ಮ ಕೂತಳು. ಮೇಲಿನ ರೆಪ್ಪೆಗೆ ಒಂದು ಉದ್ದ ಗೆರೆ, ಕೆಳಗೆ ಇನ್ನೊಂದು, ನಡುವೆ ಮೂಲೆಯಲ್ಲಿ ಬಿಳಿ. ಹತ್ತಿರದಿಂದ ನೋಡಿದರೆ ಹೆದರಿಕೆಯಾಗುತ್ತದೆ. ದೂರದಿಂದ ಹೇಗೆ ಕಾಣುತ್ತದೆಂದು ನೋಡಲು ಅಮ್ಮನನ್ನು ಬಾವಿಕಟ್ಟೆಯ ಹತ್ತಿರ ನಿಲ್ಲಿಸಿ, ನಾನೂ ಚೇತುವೂ ರಸ್ತೆಗೆ ಹೋಗಿ ನಿಂತೆವು. ಆಗಲೇ ಮೀನು ಬುಟ್ಟಿ ಹಿಡಿದು ರತ್ನಕ್ಕ ಬರಬೇಕೇ!

'ಹ್ವಾಯ್ ಸುಂದರಕ್ಕ, ಎಂತ, ಸಿನಿಮಾಕ್ ಹೊರ್ಟ್ರ್ಯಾ?'

'ಹೌದ್, ನೀನೂ ಬತ್ಯಾ?' ಎಂದಳು ಅಮ್ಮ, ರೆಪ್ಪೆ ಬಡಿದು.

ಮುಖ ಕೆಟ್ಟಮೇಲೆ ಚೇತು ನಕ್ಕದ್ದು ಅದೇ ಮೊದಲು. ರಸ್ತೆಯಲ್ಲೇ ಕುಕ್ಕರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಮ್ಮ ಆ ಕಣ್ಣನ್ನು ಒರೆಸಲು ಬಿಡಲೇ ಇಲ್ಲ. ಹಾಗೇ ಭಜನೆಗೂ ಹೋಗಿಬಂದಳು.

ಗುಳ್ಳೆ ಇಳಿಯಿತು. ಶುಕ್ರವಾರ ಚೇತುವಿನ ಕಿವಿಯ ಹಿಂದೆ ಚುಕ್ಕೆ ಇಟ್ಟೆವು. ಆಮೇಲೆ ಮನೆಯಲ್ಲಿ ಬೇರೆ ಕೆಲಸವೇ ಇಲ್ಲ. ಅವಳು ಊಟಕ್ಕೆ ಕೂತರೆ ನಾನು ಟಾರ್ಚ್ ಹಿಡಿಯುತ್ತಿದ್ದೆ, ಓದಲು ಕೂತರೆ ಅಮ್ಮ ಕನ್ನಡಕ ಹಾಕಿಕೊಂಡು ಬಗ್ಗುತ್ತಿದ್ದಳು. 'ತುರ್ಸ್ತಾ? ತುರ್ಸ್ತಾ?' ಎಂದು ಕೇಳಿ ಕೇಳಿ ಕೊನೆಗೆ ಅವಳು, 'ನೀವ್ ಕೇಂಡ್ರೆ ಮಾತ್ರ ತುರ್ಸ್ತ್!' ಎಂದು ರೇಗಿದಳು. ಭಾನುವಾರ ಬೆಳಿಗ್ಗೆ ಕಿವಿಯ ಹಿಂದೆ ಏನೂ ಇರಲಿಲ್ಲ. ನಾನು ನೋಡಿದೆ, ಅಮ್ಮ ನೋಡಿದಳು, ರತ್ನಕ್ಕನನ್ನೂ ಕರೆದು ತೋರಿಸಿದೆವು. ಚೇತು ಅಂಗಳದಲ್ಲಿ ಚಕ್ರದಂತೆ ಸುತ್ತಿದಳು, ಕೋಳಿಗಳೆಲ್ಲ ದಿಕ್ಕಾಪಾಲು.

ಅಂದೇ ಮಧ್ಯಾಹ್ನ ಕಾರ್ಯಕ್ರಮ. ಬ್ರಹ್ಮಾವರದ ಸಭಾಭವನದಲ್ಲಿ ಮೇಕಪ್ ಕೋಣೆಯ ತುಂಬ ಅಮ್ಮಂದಿರು. ಗಂಡಸು ನಾನೊಬ್ಬನೇ. ಹೊರಗೆ ಜಗಲಿಯಲ್ಲಿ ಬೆಳಕಿರುವ ಕಡೆ ಕುರ್ಚಿ ಹಾಕಿಕೊಂಡೆ. ಅಂದು ಬಂದರಿಗೆ ಹೋಗಿರಲಿಲ್ಲ, ಕೈಯನ್ನು ನಿಂಬೆಹಣ್ಣು ಹಾಕಿ ಉಜ್ಜಿದ್ದೆ. ಆದರೂ ಮಗಳು ಮೂಗು ಹತ್ತಿರ ತಂದು, 'ಬಂಗ್ಡಿ ಹೋಯ್ತ್, ನಿಂಬಿಹಣ್ಣ್ ಬಂತ್' ಎಂದಳು.

ಮೊದಲು ಕ್ರೀಮು, ಅದು ಇಂಗಿದ ಮೇಲೆ ತೆಳ್ಳಗೆ ಫೌಂಡೇಶನ್, ಅದರ ಮೇಲೆ ಪೌಡರನ್ನು ಒತ್ತಿ ಒತ್ತಿ ಕೂರಿಸಿದೆ. ಕಣ್ಣಿನ ಗೆರೆಗೆ ಬಂದಾಗ ಇಬ್ಬರೂ ಉಸಿರು ಬಿಗಿಹಿಡಿದೆವು. ಬಲಗಣ್ಣಿನದು ದಪ್ಪವಾಯಿತೆಂದು ಎಡಗಣ್ಣಿನದನ್ನು ದಪ್ಪ ಮಾಡಿದೆ. ಆಗ ಎಡಗಣ್ಣಿನದು ಉದ್ದವಾಯಿತೆಂದು ಬಲಗಣ್ಣಿಗೆ ಮತ್ತೆ ಎಳೆದೆ. ಮಿಸ್ ಓಡಿಬಂದು, 'ಸಾಕ್ ಸುಧಾಕರಣ್ಣ, ಇನ್ನ್ ಕಣ್ಣ್ ಹೋಯಿ ಕಿವಿಗ್ ತಾಗುತ್ತ್' ಎಂದು ಬ್ರಶ್ ಕಸಿದುಕೊಂಡರು. ಒಳಗಿದ್ದ ಅಮ್ಮಂದಿರೆಲ್ಲ ನಕ್ಕರು. ಆಮೇಲೆ ಅವರಲ್ಲೇ ಒಬ್ಬರು ಮೆಲ್ಲಗೆ ತಮ್ಮ ಮಗಳನ್ನು ತಂದು ನನ್ನೆದುರು ಕೂರಿಸಿದರು, ಅದು ಬೇರೆ ಮಾತು.

ಚೇತು ಕನ್ನಡಿ ಹಿಡಿದು ಮುಖವನ್ನು ಆಚೆ ಈಚೆ ತಿರುಗಿಸಿ ನೋಡಿಕೊಂಡಳು. ಸರಿಬರಲಿಲ್ಲವೇನೋ ಎಂದು ನಾನು ಒರೆಸುವ ಹತ್ತಿಗೆ ಕೈಹಾಕಿದೆ.

'ಅಪ್ಪ, ನಾನ್ ಅಮ್ಮನ್ ಹಂಗೇ ಕಾಣ್ತೆ' ಎಂದಳು.

ಹೌದು ವಿನಯಾ. ಕೂದಲು ಎತ್ತಿ ಕಟ್ಟಿ, ಕಣ್ಣು ದೊಡ್ಡದಾದಾಗ ಆ ಮುಖ ನಿನ್ನದೇ. ಎರಡು ವರ್ಷದಿಂದ ನೀನು ಮನೆಯಲ್ಲಿಲ್ಲದ್ದು ಎಷ್ಟು ಕಷ್ಟ ಎಂದು ನಾನು ಯಾರ ಹತ್ತಿರವೂ ಹೇಳಿಕೊಂಡಿಲ್ಲ. ಅಲ್ಲಿ ಜಗಲಿಯಲ್ಲಿ, ನನ್ನ ಮುಖ ಅವಳಿಗೆ ಕಾಣದಿರಲಿ ಎಂದು, ಪೌಡರಿನ ಡಬ್ಬಿ ಮುಚ್ಚುವವನ ಹಾಗೆ ಬಗ್ಗಿದೆ.

ಕುಣಿತವನ್ನು ಬರೆಯಲು ನನಗೆ ಬಾರದು. ಅಲೆಗಳು ಮರಿಮೀನನ್ನು ಹಿಂದಕ್ಕೆ ತಳ್ಳಿದವು, ಅದು ಮತ್ತೆ ಬಂತು, ಮತ್ತೆ ತಳ್ಳಿದವು. ಕೊನೆಗೊಮ್ಮೆ ಓಡಿಬಂದು ಕಾಲು ಚಾಚಿ ಹಾರಿತಲ್ಲ, ನೆಲ ಮುಟ್ಟುವಾಗ ಸ್ವಲ್ಪ ಜಾರಿದಳು. ಅಳುತ್ತಾಳೆ ಎಂದುಕೊಂಡೆ. ಅವಳು ನಕ್ಕುಬಿಟ್ಟಳು, ಕಡಲು ಸಿಕ್ಕಿದ ಮೀನು ಹಾಗೇ ನಗುತ್ತದೇನೋ ಎಂಬಂತೆ. ಅಷ್ಟರಲ್ಲಿ ಕಟ್ಟಕಡೆಯ ಸಾಲಿನಿಂದ ನನ್ನಮ್ಮನ ಸ್ವರ: 'ಕಂಡ್ತ್! ಹೆಣ್ಣ್ ನಗಾಡೂದ್ ಇಲ್ಲಿಗೂ ಕಂಡ್ತ್!' ಸಭೆಯೆಲ್ಲ ಚಪ್ಪಾಳೆ ತಟ್ಟಿತು.

ಮುಗಿದ ಕೂಡಲೇ ಬಣ್ಣ ತೆಗೆಸಿದೆ. ಉಜ್ಜಲಿಲ್ಲ, ಡಾಕ್ಟರರು ಹೇಳಿದ್ದ ಕ್ಲೆನ್ಸರನ್ನು ಹತ್ತಿಯಲ್ಲಿ ಅದ್ದಿ ಮೆತ್ತಗೆ ಒರೆಸಿ, ತಣ್ಣೀರಲ್ಲಿ ತೊಳೆದು, ಕ್ರೀಮು ಹಚ್ಚಿದೆ. ಇವತ್ತು ಮುಖ ತಿಳಿಯಾಗಿದೆ. ಈ ಕಾಗದ ನಿನ್ನ ಕೈ ಸೇರಿದ ಸಂಜೆ ಅವಳೇ ವಿಡಿಯೋ ಕಾಲ್ ಮಾಡುತ್ತಾಳೆ, ಹತ್ತಿರದಿಂದ ನೋಡು, ಬೇಕಾದಷ್ಟು ಹೊತ್ತು ನೋಡು.

ಮೇ ತಿಂಗಳಲ್ಲಿ ರಜೆ ಸಿಕ್ಕರೆ ಬಾ. ಸಿಗದಿದ್ದರೆ ಬೇಜಾರು ಮಾಡಿಕೊಳ್ಳಬೇಡ. ಇಲ್ಲಿ ನಾವು ಮೂವರೂ ನಗುನಗುತ್ತಲೇ ಇದ್ದೇವೆ.

ನಿನ್ನವನೇ ಆದ,
ಸುಧಾಕರ

ತಾ.ಕ.: ಲಕೋಟೆಯಲ್ಲಿ ಒಂದು ಫೋಟೋ ಇಟ್ಟಿದ್ದೇನೆ. ಅದರಲ್ಲಿ ಚೇತುವಿನ ಹಿಂದೆ ನೀಲಿ ಬಟ್ಟೆಯ ಅಲೆಯೊಂದಿದೆ. ಅದರ ತುದಿ ಹಿಡಿಯಬೇಕಿದ್ದ ಕ್ಲಾಸಿನ ಹುಡುಗ ಉಮಾನಾಥನಿಗೆ ಜ್ವರ ಬಂತು. ಕೆನ್ನೆಗೆ ಕೆಂಪು ಹಚ್ಚಿಕೊಂಡು, ಕಣ್ಣಿನ ಕಪ್ಪು ಇಳಿದು ಮೀಸೆಗೆ ಸೇರಿ, ಅಲೆ ಹಿಡಿದು ನಿಂತಿರುವ ಆ ಮನುಷ್ಯ ನಾನೇ. ಬಣ್ಣ ಹಚ್ಚಿದವಳು ನಿನ್ನ ಮಗಳು. ತೆಗೆಯಲು ಮನಸ್ಸಾಗದೆ ಬಸ್ಸಿನಲ್ಲೂ ಹಾಗೇ ಬಂದೆ. ಕಂಡಕ್ಟರ್ ಯಕ್ಷಗಾನದ ವೇಷವೆಂದುಕೊಂಡು, ಟಿಕೆಟ್ ಹರಿಯುತ್ತಾ, 'ಹ್ವಾಯ್, ಯಾವ್ ಮೇಳ?' ಎಂದು ಕೇಳಿದ. 'ಮಗ್ಳ್ ಮೇಳ' ಎಂದೆ.