ಎರಡೇ ಸೀಟಿನ ಕಾರು

ಅಕ್ಟೋಬರ್ ೧೯, ಶನಿವಾರ

ಪೇಪರ್ ತಿದ್ದುವುದು ಇನ್ನೂ ಅರ್ಧ ಬಾಕಿ. ಮುಧೋಳದ ಶಾಲೆಯಿಂದ ಬಸ್ಸಿನಲ್ಲಿ ಇವತ್ತೂ ನಿಂತೇ ಬಂದೆ. ಮಾವನಿಗೆ ಗುಳಿಗೆ ಕೊಟ್ಟು, ಅತ್ತೆಯ ಮೊಣಕಾಲಿಗೆ ಎಣ್ಣೆ ಹಚ್ಚುತ್ತ ಕುಳಿತಿದ್ದೆ. ಅಂಗಳದಲ್ಲಿ ದೊಡ್ಡ ಸದ್ದು. ಹೋಗಿ ನೋಡಿದರೆ ಇವರು, ನನ್ನ ಯಜಮಾನರು, ಒಂದು ಕಾರಿನೊಳಗಿಂದ ತೆವಳಿಕೊಂಡು ಹೊರಗೆ ಬರುತ್ತಿದ್ದಾರೆ.

ನಮ್ಮ ಏಳು ಸೀಟಿನ ಗಾಡಿ ಎಲ್ಲಿ? ಕೊಲ್ಲಾಪುರದಲ್ಲಿ. ಅದನ್ನು ಕೊಟ್ಟು ಇದನ್ನು ತಂದಿದ್ದಾರೆ. ಸ್ಪೋರ್ಟ್ಸ್ ಕಾರು, ಸೆಕೆಂಡ್ ಹ್ಯಾಂಡ್. ಹಣ್ಣುಮೆಣಸಿನಕಾಯಿ ಬಣ್ಣ. ಎರಡು ಬಾಗಿಲು, ಎರಡೇ ಸೀಟು. ಮನೆಯಲ್ಲಿ ನಾವು ನಾಲ್ಕು ಜನ. ಮಗಳು ಧಾರವಾಡದ ಹಾಸ್ಟೆಲಿನಿಂದ ಬಂದರೆ ಐದು. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ. ಅದಕ್ಕೇ ಕೇಳಲಿಲ್ಲ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದೆ. ಹೊಟ್ಟೆಗೇನು ಕಡಿಮೆಯಾಗಿದೆ ಎಂದು ನಕ್ಕರು. ಬನಹಟ್ಟಿಯ ಸೀರೆ ಅಂಗಡಿಯಲ್ಲಿ ಇಷ್ಟು ವರ್ಷ ದುಡಿದದ್ದಕ್ಕೆ ಒಂದಾದರೂ ಚಂದದ ವಸ್ತು ಬೇಡವೇ ಅಂತೆ. ಇರಲಿ. ಚಂದ ಇದೆ, ಇಲ್ಲ ಅನ್ನುವುದಿಲ್ಲ.

ಮಾವ ಕೋಲು ಊರಿಕೊಂಡು ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಚಿಕ್ಕವರಿದ್ದಾಗ ಹುನ್ನೂರಿನ ತೋಟದಲ್ಲಿ ಮುಧೋಳ ನಾಯಿ ಸಾಕಿದವರು. ಸಪೂರ ಸೊಂಟ ಕಂಡರೆ ಅವರಿಗೆ ಪ್ರೀತಿ. ಬಾನೆಟ್ ಮೇಲೆ ಕೈಯಾಡಿಸಿ, ಮೊಲ ಕಂಡ ನಾಯಿಯ ಹಾಗೆ ನಿಂತಿದೆ ಎಂದರು. ಅತ್ತೆ ಮಾತ್ರ ಬಾಗಿಲಿನಿಂದ ಈಚೆಗೆ ಬರಲಿಲ್ಲ.

ಅಕ್ಟೋಬರ್ ೨೭, ಭಾನುವಾರ

ಇವರು ಅತ್ತೆಯನ್ನು ಕಾರಿನಲ್ಲಿ ಕೂಡಿಸಿ ನೋಡಿದರು. ಕುಳಿತದ್ದೇನೋ ಆಯಿತು, ಏಳುವುದು ಆಗಲಿಲ್ಲ. ನಾನೂ ಇವರೂ ಆ ಕಡೆ ಈ ಕಡೆ ರಟ್ಟೆ ಹಿಡಿದು ಎಳೆಯಬೇಕಾಯಿತು. ಓಣಿಯ ಹೆಂಗಸರು ನೋಡುತ್ತಿದ್ದರು. ನಾಚಿಕೆಯಿಂದ ಅತ್ತೆಯ ಮುಖ ಚಿಕ್ಕದಾಯಿತು. ಆಮೇಲೆ ಅಡುಗೆ ಮನೆಗೆ ಬಂದು ನನ್ನನ್ನು ಮಾತ್ರ ಕೇಳಿದರು.

"ಮಧು, ಮಿರಜಕ್ಕ ಹೋಗೂದು ಹೆಂಗ?"

ಹೃದಯದ ಪಂಪಿಂಗ್ ಕಡಿಮೆ ಎಂದು ಮಾವನನ್ನು ಮಿರಜಿನ ಡಾಕ್ಟರರಿಗೆ ಆಗಾಗ ತೋರಿಸಿಕೊಂಡು ಬರುತ್ತೇವೆ. ಹಳೆಯ ಗಾಡಿಯಲ್ಲಿ ಮಾವ ನಡುವಿನ ಸೀಟಿನಲ್ಲಿ ಮಲಗುತ್ತಿದ್ದರು, ಅತ್ತೆಯ ತೊಡೆಯ ಮೇಲೆ ತಲೆ. ಈ ಮುದುಕಿಗೆ ಬೇರೆ ಯಾವ ಆಸೆಯೂ ಇಲ್ಲ. ಚಿನ್ನ ಕೇಳಿದವರಲ್ಲ, ಕಾಶಿ ಕೇಳಿದವರಲ್ಲ. ಒಂದೇ ಮಾತು, ಮಾವನ ಎದುರಿಗೇ ಎಷ್ಟು ಸಲ ಹೇಳಿದ್ದಾರೋ — "ನನ್ನ ಕೈಯಾಗಿನ ನೀರ ಕುಡದ ಹೋಗ್ರಿ. ಇಲ್ಲಂದ್ರ ನನಗ ಸಮಾಧಾನ ಇಲ್ಲ." ಹೋಗುವ ಜೀವದ ಬಾಯಿಗೆ ತನ್ನ ಕೈಯಿಂದ ನೀರು ಬಿಡಬೇಕು. ಅತ್ತೆಯ ತಾಯಿ ತಮ್ಮ ಗಂಡನಿಗೆ ಬಿಟ್ಟಿದ್ದರು, ಅತ್ತೆಯ ಅತ್ತೆಯೂ ಬಿಟ್ಟಿದ್ದರು.

ಬಾಳೇಶನ ಬಾಡಿಗೆ ಗಾಡಿ ಹೇಳಿದರಾಯಿತು ಎಂದೆ. ಅತ್ತೆ ತಲೆಯಾಡಿಸಿದರು. ಇವರಿಗೆ ಹೇಳಿದರೆ, ಅದೇನು ದೊಡ್ಡ ಮಾತು, ದಿನಾ ಹೋಗುತ್ತೇವೇನು ಎಂದರು.

ನವೆಂಬರ್ ೧೪, ಗುರುವಾರ

ಕಬ್ಬು ಕಡಿಯುವ ಹಂಗಾಮು ಶುರು. ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರು. ಹಂಪ್ ಬಂದಲ್ಲೆಲ್ಲ ಇವರು ಕಾರನ್ನು ಅಡ್ಡ ತಿರುಗಿಸಿ, ಒಂದೊಂದೇ ಗಾಲಿ ಹತ್ತಿಸಿ ಇಳಿಸುತ್ತಾರೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಆದರೂ ತಳ ತಾಗುತ್ತದೆ. ತಾಗಿದಾಗ ತಮ್ಮ ಬೆನ್ನಿಗೇ ಏಟು ಬಿದ್ದ ಹಾಗೆ ಮುಖ ಮಾಡುತ್ತಾರೆ. ಡಿಕ್ಕಿ ಇರುವುದು ಮುಂದೆ, ಅದರಲ್ಲಿ ಒಂದು ಚೀಲ ಹಿಡಿದರೆ ಹೆಚ್ಚು. ರಬಕವಿಯಿಂದ ಸೀರೆ ಗಂಟು ತರುವಾಗ ಪಕ್ಕದ ಸೀಟಿನಲ್ಲಿ ಕೂಡಿಸಿ ಬೆಲ್ಟ್ ಹಾಕುತ್ತಾರೆ. ನನಗಿಂತ ಗಂಟಿಗೇ ಮರ್ಯಾದೆ.

ಅಂಗಡಿಗೆ ಬರುವವರು ಸೀರೆ ಬಿಟ್ಟು ಕಾರಿನ ಫೋಟೊ ತೆಗೆದುಕೊಂಡು ಹೋಗುತ್ತಾರಂತೆ. ವ್ಯಾಪಾರ ಹೆಚ್ಚಿದೆಯೇ ಎಂದರೆ ಕಾರು ಒರೆಸುವ ಬಟ್ಟೆ ಹುಡುಕುತ್ತಾರೆ.

ನವೆಂಬರ್ ೨೪, ಭಾನುವಾರ

ಯಾರಿಗೂ ಹೇಳುವುದಿಲ್ಲ, ಇಲ್ಲಿ ಬರೆಯುತ್ತೇನೆ. ಇವತ್ತು ನಾನು ಓಡಿಸಿದೆ. ಬೀಳಗಿ ರಸ್ತೆ, ಹಿನ್ನೀರಿನ ಕಡೆ, ಟ್ರ್ಯಾಕ್ಟರು ಕಡಿಮೆ. ಇವರೇ ಕೀ ಕೊಟ್ಟು ಪಕ್ಕಕ್ಕೆ ಸರಿದರು. ಕಾಲಿಟ್ಟರೆ ಸಾಕು, ಬೆನ್ನು ಸೀಟಿಗೆ ಅಂಟುತ್ತದೆ. ಸ್ಟೇರಿಂಗ್ ಹಿಡಿದರೆ ರಸ್ತೆಯೇ ಅಂಗೈಯಲ್ಲಿದ್ದ ಹಾಗೆ. ಹತ್ತೊಂಬತ್ತು ವರ್ಷ ಬಸ್ಸಿನ ಕಂಬಿ ಹಿಡಿದು ನೇತಾಡಿದವಳು ನಾನು. ಸುಳ್ಳು ಯಾಕೆ — ಬಹಳ ಖುಷಿಯಾಯಿತು. ಜೋರಾಗಿ ನಕ್ಕೆ. ಇವರೂ ನಕ್ಕರು. ಮದುವೆಯಾದ ಹೊಸತರಲ್ಲಿ ಹೀಗೆ ಇಬ್ಬರೇ ಹೋಗುತ್ತಿದ್ದುದು ನೆನಪಾಯಿತು.

ಇಬ್ಬರಿಗೆ ಬಹಳ ಛಲೋ ಗಾಡಿ. ನಾವು ಇಬ್ಬರೇ ಅಲ್ಲವಲ್ಲ.

ಮನೆಗೆ ಬಂದಾಗ ಮಾವ ಕೇಳಿದರು, ಎಷ್ಟು ಜೋರು ಹೋಯಿತು ಎಂದು. ನಂಬರು ಹೇಳಿದೆ. ಕಣ್ಣು ಹೊಳೆದವು. ನನ್ನನ್ನೂ ಒಮ್ಮೆ ಕರೆದುಕೊಂಡು ಹೋಗು ಎಂದು ಮಗನಿಗೆ ಹೇಳಿದರು. ಅತ್ತೆ ಊಟದ ತಾಟು ಸ್ವಲ್ಪ ಜೋರಾಗಿಯೇ ಇಟ್ಟರು.

ಡಿಸೆಂಬರ್ ೩, ಮಂಗಳವಾರ, ಮುಂಜಾನೆ ೯

ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಚಹಾ ಕುಡಿಯುವ ಹೊತ್ತಿಗೆ ಮಾವನಿಗೆ ದಮ್ಮು ಹತ್ತಿತು. ಮಿರಜಿಗೆ ಫೋನು ಮಾಡಿದರೆ ತಕ್ಷಣ ಕರೆತನ್ನಿ ಎಂದರು. ಬಾಳೇಶ ತೇರದಾಳಕ್ಕೆ ಬಾಡಿಗೆ ಹೋಗಿದ್ದ, ಅರ್ಧ ತಾಸಿನಲ್ಲಿ ಬರುತ್ತೇನೆ ಎಂದ. ಅಂಬುಲೆನ್ಸ್ ಎಂದೆ. ಮನೆ ಮುಂದೆ ಅಂಬುಲೆನ್ಸ್ ನಿಂತರೆ ಜನ ಬಾಯಿಗೆ ಬಂದದ್ದು ಆಡುತ್ತಾರೆ, ನನ್ನ ಕಾರಿನಷ್ಟು ಬೇಗ ಯಾವುದೂ ಹೋಗುವುದಿಲ್ಲ ಎಂದರು ಇವರು. ಅತ್ತೆ ಆಗಲೇ ಸೆರಗು ಸಿಗಿಸಿಕೊಂಡು, ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಎರಡ ಸೀಟ ಅದಾವ, ಅವ್ವಾ," ಎಂದರು ಇವರು.

ಅರ್ಧ ತಾಸು ತಡೆಯಿರಿ, ಒಟ್ಟಿಗೆ ಹೋಗೋಣ ಎಂದು ಅತ್ತೆ ಮಾವನ ಕಡೆ ನೋಡಿದರು. ಮಾವ ಅವರ ಕಡೆ ನೋಡಲಿಲ್ಲ. ಕಾರಿನ ಕಡೆ ನೋಡುತ್ತಿದ್ದರು. "ನಡಿ," ಎಂದರು ಮಗನಿಗೆ. ಅಷ್ಟೇ. ಅತ್ತೆ ಚೀಲ ಕೊಟ್ಟರು. ಅದನ್ನು ಡಿಕ್ಕಿಗೆ ಹಾಕಿಕೊಂಡು ಹೊರಟರು.

ಬಾಳೇಶ ಇನ್ನೂ ಬಂದಿಲ್ಲ. ಅತ್ತೆ ಕಟ್ಟೆಯ ಮೇಲೆ ಕುಳಿತಿದ್ದಾರೆ. ನಾನೂ ತಡೆಯಲಿಲ್ಲ. ಬೇಗ ಮುಟ್ಟಲಿ ಎಂದು ನನಗೂ ಅನ್ನಿಸಿತ್ತು.

ಡಿಸೆಂಬರ್ ೫, ಗುರುವಾರ

ಮಾವ ಹೋದರು.

ಮಂಗಳವಾರ ಬಾಳೇಶ ಬಂದು, ನಾವು ಗಾಡಿ ಹತ್ತುವಷ್ಟರಲ್ಲಿ ಇವರ ಫೋನು ಬಂತು. ಬರಬೇಡಿ, ತಿರುಗಿ ಬರುತ್ತಿದ್ದೇವೆ. ಅಷ್ಟು ಹೇಳಿ ಇಟ್ಟುಬಿಟ್ಟರು. ಫೋನು ಬಂದ ಮೇಲೂ ಎಷ್ಟೋ ಹೊತ್ತು ಬರಲಿಲ್ಲ. ಊಟದ ಹೊತ್ತು ಮೀರಿದ ಮೇಲೆ ಕಾರು ಅಂಗಳಕ್ಕೆ ಬಂತು. ಮಾವ ಬೆಲ್ಟ್ ಹಾಕಿಕೊಂಡು ಮಲಗಿದ ಹಾಗೆ ಕುಳಿತಿದ್ದರು.

ಇವರು ಹೇಳಿದ್ದು: ಅಥಣಿ ದಾಟುವ ಮೊದಲೇ ರಸ್ತೆ ಜಾಮ್. ಅಪ್ಪ ಮನೆಗೇ ಹೋಗೋಣ ಎಂದರು. ತಿರುಗಿಸಿದೆ. ಹೊಳೆ ದಾಟಿ ಊರ ಹತ್ತಿರ ಬಂದ ಮೇಲೆ ನೀರು ಕೇಳಿದರು, ನಾನೇ ಬಾಯಿಗೆ ಬಿಟ್ಟೆ, ಕುಡಿದು ಕಣ್ಣು ಮುಚ್ಚಿದರು.

ಅತ್ತೆ ಕೇಳಿಸಿಕೊಂಡರು. ನನ್ನ ಕೈಯದಲ್ಲದಿದ್ದರೆ ಮಗನ ಕೈಯದಾದರೂ ಆಯಿತಲ್ಲ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಮೇಲಿನದು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಚಕ್ಕಳಮಕ್ಕಳ ಹಾಕಿ ಗೋಡೆಗೆ ಕೂಡಿಸುತ್ತೇವೆ. ಹಾಗೆಯೇ ಕೂಡಿಸಿ ಮಣ್ಣು ಮಾಡುತ್ತೇವೆ. ಮಾವನ ಕಾಲು ಮಡಚಲಿಲ್ಲ. ಆ ಕಾರಿನಲ್ಲಿ ಕಾಲು ಮುಂದಕ್ಕೆ ನೆಟ್ಟಗೆ ಚಾಚಿಯೇ ಕೂರಬೇಕಲ್ಲ, ಹಾಗೆಯೇ ಸೆಟೆದುಬಿಟ್ಟಿದ್ದವು. ಪಕ್ಕದ ಮನೆಯ ಶಂಕರೆಪ್ಪಕಾಕಾ ಮತ್ತು ಇನ್ನಿಬ್ಬರು ಒತ್ತಿ ನೋಡಿದರು. ಆಗಲಿಲ್ಲ. ಮುರಿಯಬೇಕಾದೀತು ಎಂದು ಯಾರೋ ಮೆಲ್ಲಗೆ ಅಂದರು. ಅತ್ತೆ ಎಲ್ಲರನ್ನೂ ಹೊರಗೆ ಕಳಿಸಿದರು. ನಾನು ನೀರು ಕಾಯಿಸಿ ಕಾಯಿಸಿ ತಂದುಕೊಟ್ಟೆ. ತಮ್ಮದೇ ಮೊಣಕಾಲು ಮಡಚಲು ಬಾರದವರು ನೆಲಕ್ಕೆ ಕುಳಿತು, ಬಿಸಿನೀರಲ್ಲಿ ಅದ್ದಿದ ಅರಿವೆ ಹಾಕಿ, ಎರಡೂ ಕಾಲು ತಿಕ್ಕಿದರು. ಬಹಳ ಹೊತ್ತು ತಿಕ್ಕಿದರು. ಕಡೆಗೆ ಮಡಚಿದವು.

ನಿನ್ನೆ ಹುನ್ನೂರಿನ ತೋಟದಲ್ಲಿ ಮಣ್ಣಾಯಿತು.

ಡಿಸೆಂಬರ್ ೧೦, ಮಂಗಳವಾರ

ಇವರು ಊಟ ಮಾಡುತ್ತಿಲ್ಲ, ಅಂಗಡಿಗೆ ಹೋಗುತ್ತಿಲ್ಲ. ಇವತ್ತು ಹಿತ್ತಲಿನಲ್ಲಿ ನನ್ನ ಮುಂದೆ ಕುಳಿತು ಎಲ್ಲ ಹೇಳಿದರು. ಕೇಳದೆ ಇದ್ದಿದ್ದರೆ ಚೆನ್ನಾಗಿತ್ತು.

ಜಾಮ್ ಆದದ್ದು ನಿಜ. ಒಂದು ಕಬ್ಬಿನ ಟ್ರಾಲಿ ಮಗುಚಿ ಬಿದ್ದಿತ್ತು. ಎಲ್ಲರೂ ನಿಂತಿದ್ದರು. ಇವರು ಮಾತ್ರ, ಸಣ್ಣ ಕಾರು, ನುಸುಳಿ ಹೋಗುತ್ತೇನೆ ಎಂದು ಎರಡು ಟ್ರಾಲಿಗಳ ನಡುವೆ ನುಗ್ಗಿಸಿದರು. ಮುಂದೆ ಹೋಗಲಾಗಲಿಲ್ಲ, ಹಿಂದೆ ಇನ್ನೊಂದು ಟ್ರ್ಯಾಕ್ಟರು ಬಂದು ನಿಂತಿತು. ಆ ಕಾರಿನ ಬಾಗಿಲು ಮಾರುದ್ದ. ತೆರೆಯಬೇಕೆಂದರೆ ಅಷ್ಟು ಜಾಗ ಬೇಕು. ಎರಡೂ ಕಡೆ ಗೇಣು ಜಾಗ ಇರಲಿಲ್ಲ. ಗಾಜು ಇಳಿಸಿದರೆ ಕಬ್ಬಿನ ಗರಿ ಒಳಗೇ ಬರುತ್ತಿತ್ತಂತೆ.

ಮಾವ ನೀರು ಕೇಳಿದ್ದು ಅಲ್ಲಿ. ನೀರಿದ್ದದ್ದು ಅತ್ತೆ ಕೊಟ್ಟ ಚೀಲದಲ್ಲಿ, ಚೀಲ ಡಿಕ್ಕಿಯಲ್ಲಿ.

"ಹಾರ್ನ್ ಹೊಡದೆ, ಒದರಿದೆ. ಟ್ರಾಲಿ ಮ್ಯಾಲಿನ ಮಂದಿ ಕಾರಿಂದು ವಿಡಿಯೊ ಮಾಡಾಕತ್ತಿದ್ರು. ನನ್ನ ಮಾತ ಯಾರಿಗೂ ಕೇಳಸಲಿಲ್ಲ. ಅಪ್ಪಾ ನಾಕೈದ ಸಲ ಕೇಳಿದ್ರು. ಆಮ್ಯಾಲೆ ಕೇಳಲಿಲ್ಲ."

ಅಷ್ಟು ಹೊತ್ತು ಪಕ್ಕದಲ್ಲೇ ಕುಳಿತಿದ್ದರಂತೆ. ಎಷ್ಟೋ ಹೊತ್ತಿನ ಮೇಲೆ ನಮಗೆ ಫೋನು ಮಾಡಿದರು. ಟ್ರಾಲಿ ಎತ್ತಿ ದಾರಿಯಾಗುವವರೆಗೆ ಮತ್ತೆ ಹಾಗೇ ಕುಳಿತರು. ನನಗೆ ಇವರ ಮುಖಕ್ಕೆ ಹೊಡೆಯಬೇಕು ಅನ್ನಿಸಿತು. ಆಮೇಲೆ ತಬ್ಬಿಕೊಂಡು ಅತ್ತುಬಿಟ್ಟೆ. ಎರಡೂ ನಿಜ. ಅವ್ವನಿಗೆ ಹೇಳಬೇಡ, ಸತ್ತುಹೋಗುತ್ತಾಳೆ ಎಂದು ಕೈ ಹಿಡಿದುಕೊಂಡರು. ಆಯಿತು ಎಂದೆ.

ಡಿಸೆಂಬರ್ ೧೧, ಬುಧವಾರ

ಕಾರು ಮಾರಿ ಎಂದೆ. ಗ್ಯಾರೇಜಿನವನು ಬಂದು ನೋಡಿಕೊಂಡು ಹೋದ. ಈ ಊರಲ್ಲಿ ಇದನ್ನು ಯಾರು ಕೊಳ್ಳುತ್ತಾರಕ್ಕ, ನೋಡುವುದಕ್ಕೆ ಮಾತ್ರ ಜನ ಬರುತ್ತಾರೆ ಎಂದ.

ಡಿಸೆಂಬರ್ ೧೫, ಭಾನುವಾರ, ಮಧ್ಯಾಹ್ನ

ಅತ್ತೆ ಕಾರಿನಲ್ಲಿ ಕುಳಿತಿದ್ದಾರೆ. ಎರಡು ತಾಸಾಯಿತು.

ಬೆಳಗ್ಗೆ ಮಾವನ ಕಾರ್ಯಕ್ಕೆ ಬಂದ ಬೀಗರೆಲ್ಲ ಹೋದ ಮೇಲೆ, ನನ್ನನ್ನು ಅದರಲ್ಲಿ ಕೂಡಿಸು ಎಂದರು. ಬೇಡ ಎಂದೆ. ಕೇಳಲಿಲ್ಲ. ಎಡಗಡೆಯ ಸೀಟು, ಮಾವ ಕುಳಿತದ್ದು. ಕಾಲು ಚಾಚಿದರು, ತಲೆ ಒರಗಿಸಿದರು. ಬಾಗಿಲ ಹತ್ತಿರ ನಿಂತಿದ್ದ ಮಗನನ್ನು ಕೇಳಿದರು.

"ಕುಮಾರಾ, ಇದರಾಗ ನೀರ ಎಲ್ಲಿ ಇಟ್ಟಿದ್ದಿ?"

ಇವರು ಸೀಟಿನ ಹಿಂದೆ ಎಂದರು. ಬಾಯಿಗೆ ಬಂದದ್ದು ಹೇಳಿಬಿಟ್ಟರು. ಅತ್ತೆ ಹಿಂದಕ್ಕೆ ಕೈ ಹಾಕಿ ನೋಡಿದರು. ಅಲ್ಲಿ ಜಾಗವೇ ಇಲ್ಲ, ಕೈ ಕಾರಿನ ಹಿಂದಿನ ತಗಡಿಗೇ ತಾಗಿತು. ಸುತ್ತಲೂ ತಡವಿ ನೋಡಿದರು. ಇವರು ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು. ತಾಯಿಯ ಎದುರು ನಿಲ್ಲುವ ಧೈರ್ಯ ಅವರಿಗಿಲ್ಲ. ಎಲ್ಲ ನನ್ನ ತಲೆಗೆ ಬಂತು.

ಊಟಕ್ಕೆ ಕರೆದೆ, ಏಳಲಿಲ್ಲ. ನೀರಾದರೂ ಕುಡಿಯಿರಿ ಎಂದೆ. ಆಗ ಹೇಳಿದರು —

"ಆ ಕಾಲು ತಿಕ್ಕಿದಾಕಿ ನಾನು, ಮಧು. ಹೊಳಿ ದಾಟಿದ ಮ್ಯಾಲೆ ಹೋದವರ ಕಾಲು ಅಷ್ಟ ಲಗೂನ ಹಂಗ ಸೆಟೀತಾವೇನು? ಅಂವ ಮಗ, ನನ್ನ ಸಲುವಾಗಿ ಸುಳ್ಳ ಹೇಳ್ತಾನ. ನೀ ಹೇಳು. ಅವರ ಬಾಯಾಗ ನೀರ ಬಿದ್ದಾವೊ ಇಲ್ಲೊ? ನೀ ಹೇಳೂತನ ನಾ ನೀರ ಮುಟ್ಟೂದಿಲ್ಲ."

ನೀರು ತರುತ್ತೇನೆ ಎಂದು ಒಳಗೆ ಬಂದೆ. ತಂಬಿಗೆ ತುಂಬಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಬಿದ್ದಿದೆ ಎಂದರೆ ಕುಡಿಯುತ್ತಾರೆ, ಆದರೆ ನಂಬಿ ಅಲ್ಲ. ಇಲ್ಲ ಎಂದರೆ ಕುಡಿಯುತ್ತಾರೋ ಇಲ್ಲವೋ ಗೊತ್ತಿಲ್ಲ. ಹೇಳುವುದಿಲ್ಲ ಎಂದು ಇವರಿಗೆ ಮಾತು ಕೊಟ್ಟಿದ್ದೇನೆ. ಇವರು ಇನ್ನೂ ಕೋಣೆಯ ಬಾಗಿಲು ತೆಗೆದಿಲ್ಲ.

ಅತ್ತೆ ಮತ್ತೆ ಕರೆದರು. ಹೋಗುತ್ತೇನೆ. ಪಕ್ಕದ ಸೀಟಿನಲ್ಲಿ ಕುಳಿತು, ಅವರ ಕೈ ಹಿಡಿದುಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ.