ಬೀರಮ್ಮ ಸಾಮಾನ್ಯಳಲ್ಲ ಎಂಬ ತಕರಾರು

ತೇಲೂರು, ಹೊನ್ನಾವರದ ಕಡಲು
೨೪೧೯ನೆಯ ಇಸವಿ, ಫೆಬ್ರವರಿ ಮೂವತ್ತೊಂದು

ಹೆಸರು ಗೊತ್ತಿಲ್ಲದ ಅನುವಾದಕರಿಗೆ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಮೊದಲಿನಿಂದಲೂ ಅನ್ಯಾಯವಾಗಿದೆ ಎಂದು ನಮ್ಮವರು ಅದಕ್ಕೆ ಮೂರು ದಿನ ಹೆಚ್ಚು ಕೊಟ್ಟಿದ್ದಾರೆ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮದೂ ನಮಗೆ ಹಾಗೆಯೇ ಕೇಳಿಸುತ್ತದೆ, ಅದರಿಂದಲೇ ನನ್ನ ಹೊಟ್ಟೆ ತುಂಬುತ್ತಿದೆ. ನಾನು ಇಲ್ಲಿಯ ‘ಪದಬಿಡಿಕೆ’ ಅಧಿಕಾರಿ. ಹಳೆಯ ಕಾನೂನಿನ ಮಾತಿಗೆ ಎರಡರ್ಥ ಬಂದು ಜನ ಜಗಳಕ್ಕೆ ನಿಂತರೆ, ಯಾವುದು ಸರಿಯೆಂದು ಹೇಳುವುದು ನನ್ನ ಕೆಲಸ.

ತೇಲೂರು ಎಂದರೆ ಸಾವಿರ ದೋಣಿಮನೆಗಳನ್ನು ಹಗ್ಗದಿಂದ ಬಿಗಿದು ಮಾಡಿದ ಊರು. ಬೆಳಿಗ್ಗೆ ಎದ್ದು ನೋಡಿದರೆ ಎಡಕ್ಕಿದ್ದ ನೆರೆಮನೆ ಬಲಕ್ಕೆ ಬಂದಿರುವುದುಂಟು. ಒಣಹಾಕಿದ ಸೀರೆ ಯಾರ ಮನೆಗೆ ಹೋಯಿತೆಂದು ಹುಡುಕುವುದು ದಿನದ ಪಾಡು. ಮಳೆಗಾಲಕ್ಕೆ ಇಡೀ ಊರನ್ನು ಎಳೆದು ಯಾವುದಾದರೊಂದು ನದಿಯ ಅಳಿವೆಯಲ್ಲಿ ಕಟ್ಟುತ್ತೇವೆ. ಅದು ಯಾವ ಅಳಿವೆಯೆಂದು ನಿರ್ಧರಿಸುವ ಸಭೆಗೆ ವರ್ಷಕ್ಕೊಮ್ಮೆ ಚುನಾವಣೆ. ಸಂವಿಧಾನದ ಇಂಗ್ಲಿಷ್ ಪ್ರತಿ ಉಪ್ಪುನೀರಿನ ಪಾಲಾಯಿತು. ನಮಗೆ ಉಳಿದಿರುವುದು, ನಾನೂರು ವರ್ಷ ಹಿಂದೆ ಕೂತು ನೀವೀಗ ಮೇಜಿನ ಮೇಲಿಟ್ಟುಕೊಂಡು ಕರಡು ತಿದ್ದುತ್ತಿರುವ ಅದರ ಕನ್ನಡ ಕೈಪಿಡಿಯೊಂದೇ. ಪ್ರತಿ ಕ್ಷೇತ್ರಕ್ಕೂ ‘ಒಂದೇ ಸಾಮಾನ್ಯ ಮತದಾರರ ಪಟ್ಟಿ’ ಇರತಕ್ಕದ್ದು ಎಂದು ಅದರಲ್ಲಿ ಬರೆದಿದ್ದೀರಿ.

ಬೀರಮ್ಮ ಅಂಬಿಗ ಎಂಬತ್ತನಾಲ್ಕರ ಅಜ್ಜಿ. ಹೋದ ವರ್ಷದ ಚಂಡಮಾರುತದಲ್ಲಿ ಚುಕ್ಕಾಣಿ ಹಿಡಿದು ಊರನ್ನು ಉಳಿಸಿದವರು. ಸಭೆ ಅವರಿಗೆ ‘ಅಸಾಮಾನ್ಯ ಮಹಿಳೆ’ ಎಂಬ ಬಿರುದು ಕೊಟ್ಟು ಶಾಲು ಹೊದಿಸಿತ್ತು. ಈ ಸಲ ಪಟ್ಟಿ ಅಧಿಕಾರಿ ತಿಮ್ಮಣ್ಣ ಭಟ್ಟರು ಅವರ ಹೆಸರನ್ನು ಹೊಡೆದುಹಾಕಿದರು. ಪಟ್ಟಿ ಇರುವುದು ಸಾಮಾನ್ಯ ಮತದಾರರಿಗೆ, ಬೀರಮ್ಮ ಅಸಾಮಾನ್ಯರೆಂದು ಸಭೆಯೇ ಬರೆದುಕೊಟ್ಟಿದೆ ಎಂಬುದು ಅವರ ವಾದ. ಭಟ್ಟರು ಕೆಟ್ಟವರಲ್ಲ, ಓದಿದ್ದನ್ನು ಓದಿದ ಹಾಗೆ ಪಾಲಿಸುವವರು ಅಷ್ಟೆ. ಅರವತ್ತಾರು ವರ್ಷ ಒಮ್ಮೆಯೂ ಮತ ತಪ್ಪಿಸದ ಬೀರಮ್ಮ ಶಾಲನ್ನು ಮಡಚಿ ನನ್ನ ಮೇಜಿನ ಮೇಲಿಟ್ಟರು. ಇದನ್ನು ವಾಪಸ್ ತೆಗೆದುಕೊಂಡು ನನ್ನನ್ನು ಸಾಮಾನ್ಯಳನ್ನಾಗಿ ಮಾಡಿಕೊಡಿ ಎಂದು ಅತ್ತರು. ನನಗೆ ನಗುವೂ ಬಂತು, ಪಾಪವೂ ಅನ್ನಿಸಿತು. ವಿಚಾರಣೆಗೆ ದಿನ ಗೊತ್ತುಮಾಡಿದೆ.

ವಿಚಾರಣೆಗೆ ಊರೇ ನೆರೆದು ಕಚೇರಿಯ ದೋಣಿ ಒಂದು ಕಡೆ ವಾಲಿತು. ಬೀರಮ್ಮ ಭಟ್ಟರನ್ನು ಒಂದೇ ಪ್ರಶ್ನೆ ಕೇಳಿದರು. “ದೊಡ್ಡ ಮೀನಿನ ಬುಟ್ಟಿ ತಕಂಡು ಬಾ ಅಂದ್ರೆ, ನೀನು ಮೀನು ನೋಡ್ತ್ಯಾ, ಬುಟ್ಟಿ ನೋಡ್ತ್ಯಾ, ತಮಾ?”

“ನಾನು ಮೀನೇ ತಿನ್ನೂದಿಲ್ಲ, ಅಜ್ಜಿ,” ಎಂದರು ಭಟ್ಟರು. ಜನ ನಕ್ಕದ್ದಕ್ಕೆ ದೋಣಿ ಇನ್ನೊಂದು ಕಡೆ ವಾಲಿತು.

ಆದರೆ ಅಜ್ಜಿ ಗಂಟನ್ನು ಸರಿಯಾಗಿ ಹಿಡಿದಿದ್ದರು. ‘ಸಾಮಾನ್ಯ’ ಸೇರಬೇಕಾದದ್ದು ಮತದಾರರಿಗೋ, ಪಟ್ಟಿಗೋ? ನಿಮ್ಮ ವಾಕ್ಯದಲ್ಲಿ ಎರಡೂ ಸಾಧ್ಯ. ನಾನು ಮುಂದಕ್ಕೆ ಓದಿದೆ. ಧರ್ಮ, ಜಾತಿ, ಲಿಂಗದ ಕಾರಣಕ್ಕೆ ಯಾರನ್ನೂ ಪಟ್ಟಿಯಿಂದ ಬಿಡಕೂಡದು ಎಂದಿತ್ತು. ಯಾರೂ ಹೊರಗುಳಿಯದಿರಲೆಂದು ಬರೆದ ಮಾತನ್ನು ಹಿಡಿದು ಒಬ್ಬರನ್ನು ಹೊರಗಿಡುವುದು ಹೇಗೆ? ಇಲ್ಲಿ ಸಾಮಾನ್ಯವೆಂದರೆ ಎಲ್ಲರಿಗೂ ಸೇರಿದ್ದು. ಅದು ಪಟ್ಟಿಯ ಗುಣ ಎಂದು ತೀರ್ಪು ಕೊಟ್ಟೆ. ಭಟ್ಟರು ಅಲ್ಲೇ ಕೂತು ದುಂಡಗಿನ ಅಕ್ಷರದಲ್ಲಿ ಬೀರಮ್ಮನ ಹೆಸರು ಬರೆದರು. ಅಜ್ಜಿ ಮತ ಹಾಕಿದರು, ಅವರ ಅಭ್ಯರ್ಥಿ ಸೋತ, ಈಗ ಎಲ್ಲರ ಹಾಗೆ ದಿನಾ ಸಭೆಯನ್ನು ಬೈದುಕೊಂಡು ಸುಖವಾಗಿದ್ದಾರೆ.

ಇನ್ನು ನನ್ನ ಬೇಡಿಕೆ. ದಯವಿಟ್ಟು ‘ಮತದಾರರ ಸಾಮಾನ್ಯ ಪಟ್ಟಿ’ ಎಂದು ತಿದ್ದಿ. ಒಂದು ಪದವನ್ನು ಒಂದು ಹೆಜ್ಜೆ ಆಚೆಗಿಟ್ಟರೆ ಸಾಕು. ಆಗ ಈ ತಕರಾರೇ ಹುಟ್ಟುವುದಿಲ್ಲ. ನನಗೆ ಹೆಸರು ತಂದ ಒಂದೇ ಒಂದು ತೀರ್ಪೂ ಅಳಿಸಿಹೋಗುತ್ತದೆ. ಹೋಗಲಿ. ಅದರ ಜೊತೆಗೆ ಆ ಅಜ್ಜಿ ನನ್ನ ಮೇಜಿನ ಮುಂದೆ ನಿಂತು ಅತ್ತದ್ದೂ ಅಳಿಸಿಹೋಗಲಿ.

ಇಂತಿ,
ಶರಾವತಿ ಮೇಸ್ತ